ಸಾಹೇಬರ ಸಹಿ

"ಮುಂದಿನವರು ಬನ್ನಿ!" ಸಾಹೇಬರು ಕೂಗಿದರು.

ಸಾಲಿನಲ್ಲಿದ್ದವಳು ಅವಳೊಬ್ಬಳೇ. ಆದರೂ ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದು ನಿಂತಳು. ಹಾಗೆ ಮಾಡದಿದ್ದರೆ ಅವರು ತಲೆ ಎತ್ತುವುದಿಲ್ಲ.

ಕೈಯಲ್ಲಿದ್ದದ್ದು ಮರೆವಿನ ಕಾಯಿಲೆಯವರಿಗೆ ಸರ್ಕಾರ ಕೊಡುವ ಸಹಾಯಧನದ ಅರ್ಜಿ. ಇದು ನಾಲ್ಕನೆಯದು, ಹಿಂದಿನ ಮೂರೂ ಕೆಟ್ಟುಹೋಗಿದ್ದವು. ಬೇಕಾಗಿದ್ದದ್ದು ಒಂದೇ ಒಂದು ಸಹಿ, ಅದನ್ನು ಬೇರೆ ಯಾರೂ ಹಾಕುವಂತಿಲ್ಲ. ಇವತ್ತೇ ಕೊನೆಯ ದಿನ. ಹಣ ಬಂದರೆ ಹಗಲು ಅಪ್ಪನನ್ನು ನೋಡಿಕೊಳ್ಳಲು ಒಬ್ಬರನ್ನಿಟ್ಟು ಅವಳು ಹೊಲಿಗೆ ಕಾರ್ಖಾನೆಗೆ ಮರಳಬಹುದು. ಇಲ್ಲದಿದ್ದರೆ ಸೋಮವಾರದಿಂದ ಅವಳ ಮಿಷನ್ ಮುಂದೆ ಬೇರೆಯವಳು ಕೂರುತ್ತಾಳೆ.

"ಡಾಕ್ಟರ ಸರ್ಟಿಫಿಕೇಟ್ ಎಲ್ಲಿ?"

"ಬೆಳಿಗ್ಗೇನೇ ಕೊಟ್ಟೆ ಸಾರ್. ನಿಮ್ಮ ಮೊಣಕೈ ಕೆಳಗೇ ಇದೆ."

"ಎಲ್ಲರೂ ಹಾಗೇ ಹೇಳ್ತಾರೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ. ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಕೂಗಾಡಿದರೆ ಕೆಲಸ ಕೆಟ್ಟಂತೆ; ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರೆ ಅಂದಿಗೆ ಮುಗಿಯಿತು. ಹಲ್ಲು ಕಚ್ಚಿಕೊಂಡು ಸರ್ಟಿಫಿಕೇಟನ್ನು ಮೆಲ್ಲಗೆ ಎಳೆದು ಅರ್ಜಿಯ ಜೊತೆ ಅವರ ಕಣ್ಣೆದುರು ಇಟ್ಟಳು.

ಅವರು ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ಓದಿದರು. ಮೂವತ್ತೆಂಟು ವರ್ಷದ ಸೇವೆಯಲ್ಲಿ ಓದದೆ ಸಹಿ ಹಾಕಿದವರಲ್ಲ.

"ರೋಗಿ ನಿಮಗೇನಾಗಬೇಕು?"

"ತಂದೆ ಸಾರ್."

"ಗುರುತು ಹಿಡೀತಾರಾ?"

"ಮೊದಲು ಹಿಡೀತಿದ್ರು."

ಸಾಹೇಬರು ಕನ್ನಡಕ ತೆಗೆದರು. ದನಿ ಮೆತ್ತಗಾಯಿತು. "ಇಂಥವರನ್ನ ಒಬ್ಬರನ್ನೇ ಬಿಟ್ಟು ಓಡಾಡಬಾರದಮ್ಮ."

"ಬಿಟ್ಟು ಎಲ್ಲಿಗೂ ಹೋಗಿಲ್ಲ ಸಾರ್. ಒಂದು ಸಹಿ ಹಾಕಿಬಿಡಿ, ಕೈ ಮುಗೀತೀನಿ. ಇಲ್ಲಿ, ನಾನು ಬೆರಳಿಟ್ಟ ಕಡೆ."

"ಎಲ್ಲಿ ಹಾಕಬೇಕು ಅಂತ ನನಗೇ ಹೇಳಿಕೊಡ್ತೀರಾ?" ಎಂದು ನಕ್ಕರು. ಅವಳ ಬೆರಳನ್ನು ಪಕ್ಕಕ್ಕೆ ಸರಿಸಿ, 'ಮಂಜೂರು ಮಾಡಿದೆ' ಎಂದು ದುಂಡಗೆ ಬರೆದು, ಅಧಿಕಾರಿಯ ಜಾಗದಲ್ಲಿ ಉದ್ದಕ್ಕೆ ಸಹಿ ಎಳೆದರು. ಒಂದು ಅಕ್ಷರವೂ ನಡುಗಲಿಲ್ಲ.

ಅವಳು ಅರ್ಜಿ ನೋಡಿದಳು. ತಡೆದುಕೊಂಡಿದ್ದ ಅಳು ಒಮ್ಮೆಲೇ ಬಂತು.

"ಮಂಜೂರಾಯ್ತಲ್ಲ, ಇನ್ಯಾಕಮ್ಮ ಅಳು?"

"ನೀವು ರಿಟೈರಾಗಿ ಹತ್ತು ವರ್ಷ ಆಯ್ತು. ಇದರಲ್ಲಿ ನೀವು ಹಾಕಬೇಕಾಗಿದ್ದದ್ದು ಅರ್ಜಿದಾರರ ಸಹಿ, ಅಪ್ಪಾ."