ಮನೆಯೆದುರಿನ ಮತಗಟ್ಟೆ

ಗಂಡ ಗೆಲ್ಲುತ್ತಿದ್ದರು, ಆಕೆಯ ಅಂಗೈ ಬೆವರುತ್ತಿತ್ತು.

ಶಾಲೆಯೊಂದರ ಸಭಾಂಗಣದಲ್ಲಿ ಮತ ಎಣಿಕೆ ನಡೆದಿತ್ತು. ದೊಡ್ಡ ಮತಗಟ್ಟೆಗಳ ಪೆಟ್ಟಿಗೆ ಮೊದಲು, ಸಣ್ಣವು ಆಮೇಲೆ. ಒಂದೊಂದು ಪೆಟ್ಟಿಗೆ ಮುಗಿದಾಗಲೂ ಚುನಾವಣಾಧಿಕಾರಿ ಮೈಕಿನ ಮುಂದೆ ನಿಂತು ಯಾರಿಗೆಷ್ಟು ಎಂದು ಓದುತ್ತಿದ್ದರು. ಎಲ್ಲಕ್ಕಿಂತ ಸಣ್ಣದು ವಿಶ್ವವಿದ್ಯಾಲಯದ ಅಧ್ಯಾಪಕರ ಕಾಲೊನಿಯದು. ಅದರ ಸರದಿ ಕಟ್ಟಕಡೆಗೆ. ಗಂಡ ಹೆಂಡತಿ ಇಬ್ಬರೂ ಮತ ಹಾಕಿದ್ದು ಅದೇ ಪೆಟ್ಟಿಗೆಗೆ.

ಆಕೆ ಹಾಕಿದ್ದು ಗಂಡನ ಎದುರಾಳಿಗೆ.

ಆ ಕಾಲೊನಿಯಲ್ಲಿ ಅರ್ಥಶಾಸ್ತ್ರದ ಪ್ರೊಫೆಸರರಾದ ಆಕೆಯ ಗಂಡನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಹಣಕಾಸು ಮಂತ್ರಿಯಾದಾಗ ಅಧ್ಯಾಪಕರ ಪಿಂಚಣಿಗೇ ಮೊದಲು ಕತ್ತರಿ ಹಾಕಿದ ಪುಣ್ಯಾತ್ಮ ಅವರು. ನಮ್ಮ ಮನೆಯಿಂದಲೇ ಶುರು ಮಾಡದಿದ್ದರೆ ಊರು ನಂಬುತ್ತದೆಯೇ ಎಂದು ಪತ್ರಿಕೆಯಲ್ಲಿ ಬೇರೆ ಬರೆದರು. ತರ್ಕವೇನೋ ಸರಿಯಾಗಿತ್ತು. ಪಕ್ಕದ ಮನೆಯ ರಸಾಯನಶಾಸ್ತ್ರದ ಮೇಷ್ಟ್ರು ಮಾತ್ರ ಅಂದಿನಿಂದ ಮಾತು ಬಿಟ್ಟರು. ಈ ಚುನಾವಣೆ ಬಂದಾಗ ಒಂದೇ ಒಂದು ಸಲ ಬೇಲಿಯ ಹತ್ತಿರ ಬಂದರು.

"ತಂಗೀ, ಈ ಸಲ ಕಾಲೊನೀಲಿ ನಿಮ್ಮ ಯಜಮಾನ್ರಿಗೆ ಎರಡೇ ಓಟು. ಒಂದು ನಿಂದು, ಒಂದು ಅವ್ರದು. ನಾವೆಲ್ಲ ಸೇರಿ ತೀರ್ಮಾನ ಮಾಡಿ ಆಗಿದೆ."

ಮೇಷ್ಟ್ರು ಆಡಿದ ಮಾತಿಗೆ ತಪ್ಪುವವರಲ್ಲ. ಆ ಮಾತು ಗಂಡನ ಕಿವಿಗೂ ಬಿದ್ದಿತ್ತು. ಅದೇ ಈಗ ಆಕೆಯ ಕುತ್ತಿಗೆಗೆ ಬಂದಿತ್ತು. ಅಧಿಕಾರಿ "ಒಂದು" ಎಂದು ಓದಿದ ಕ್ಷಣ ಗಂಡನಿಗೆ ಎಲ್ಲವೂ ತಿಳಿಯುತ್ತದೆ. ಲೆಕ್ಕ ಬರದವರನ್ನು ಕಟ್ಟಿಕೊಂಡಿದ್ದರೆ ಚೆನ್ನಾಗಿತ್ತು.

ಆಕೆಗೆ ಸಿಟ್ಟಿರಲಿಲ್ಲ. ಆಕೆಗೆ ಅವರು ಬೇಕಿತ್ತು, ಅಷ್ಟೇ. ಮದುವೆಯ ಹೊಸದರಲ್ಲಿ ಅವರು ಬರೀ ಲೆಕ್ಚರರ್. ಆಕೆ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಳು. ಊಟದ ಮೇಜಿನಲ್ಲಿ ಅವರು ತಮ್ಮ ಪುಸ್ತಕದ ಪುಟ ಓದುವುದು, ಆಕೆ ಅಲ್ಲೇ ಕಿವಿ ಹಿಂಡುವುದು. "ಬಡತನದ ವಿಷಯ ಇಷ್ಟುದ್ದ ವಾಕ್ಯದಲ್ಲಿ ಹೇಳಿದ್ರೆ, ಓದಿ ಮುಗಿಸೋದ್ರಲ್ಲಿ ಬಡವ ಸತ್ತೇ ಹೋಗಿರ್ತಾನೆ ರೀ." ಇಬ್ಬರೂ ಅನ್ನ ಆರುವವರೆಗೆ ನಗುತ್ತಿದ್ದರು.

ಆ ಪುಸ್ತಕ ಹೆಸರು ತಂದಿತು. ಹೆಸರು ಪಕ್ಷವನ್ನು ಕರೆತಂದಿತು. ಸಲಹೆಗಾರರಾದರು, ಮಂತ್ರಿಯಾದರು. ಭಾಷಣ ಬರೆಯಲು ಪಕ್ಷದ ಕಚೇರಿಯವರು ಬಂದರು. ಆಮೇಲಾಮೇಲೆ ಗಂಡನ ದನಿ ಕೇಳಬೇಕೆಂದರೆ ಆಕೆ ವಾರ್ತೆ ಹಾಕಬೇಕಾಗುತ್ತಿತ್ತು. ವಾರ್ತೆ ಮುಗಿದರೆ ಮನೆ ಬಿಕೋ ಎನ್ನುತ್ತಿತ್ತು. ಒಬ್ಬಳಿಗೆ ಅಡುಗೆ ಮಾಡಲು ಬೇಸರವಾಗಿ ಎಷ್ಟೋ ಸಂಜೆ ಹಾಗೇ ಮಲಗಿದ್ದಳು.

ಸೋತರೆ ಮನೆಗೆ ಬರುತ್ತಾರೆ. ಮತಗಟ್ಟೆಯ ಪರದೆಯ ಹಿಂದೆ ಆಕೆಗೆ ತೋಚಿದ್ದು ಅದೊಂದೇ.

ಅವತ್ತು ಬೆಳಿಗ್ಗೆ ಅವರು ಶೂ ಕಟ್ಟಿಕೊಳ್ಳುತ್ತ ಕೇಳಿದ್ದರು. "ಯಾರಿಗೆ ಹಾಕ್ತೀಯ?"

"ನಿಮಗಲ್ದೆ ಇನ್ಯಾರಿಗೆ? ನೀವು?"

"ನಮ್ಮ ಶಾಸ್ತ್ರದ ಪ್ರಕಾರ ಪ್ರತಿಯೊಬ್ಬನೂ ತನ್ನ ಸುಖ ನೋಡ್ಕೊಂಡೇ ಓಟು ಹಾಕ್ತಾನೆ ಕಣೇ."

ಎದುರಿಗೇ ಮತಗಟ್ಟೆ, ರಸ್ತೆ ದಾಟಿದರಾಯಿತು. ಅವರು ಪರದೆಯ ಹಿಂದೆ ಹೋದವರು ಬೇಗ ಹೊರಗೆ ಬರಲೇ ಇಲ್ಲ. ಸಿಬ್ಬಂದಿ ಕೆಮ್ಮಿ ಎಚ್ಚರಿಸಬೇಕಾಯಿತು. ಬದನೆಕಾಯಿ ಕೊಳ್ಳಲೂ ಹತ್ತು ಸಲ ತಿರುಗಿಸಿ ನೋಡುವ ಮನುಷ್ಯ ಎಂದು ಆಕೆ ಒಳಗೇ ನಕ್ಕಳು. ಮುಂದಿನ ವರ್ಷ ಹೊಸ ವಿದ್ಯಾರ್ಥಿಗಳ ಪಾಠ ತಮಗೇ ಇರಲಿ ಎಂದು ಅವರು ವಿಶ್ವವಿದ್ಯಾಲಯದ ತಮ್ಮ ವಿಭಾಗಕ್ಕೆ ಹೇಳಿಟ್ಟಿದ್ದರಂತೆ. ಅದೂ ಪತ್ರಿಕೆಯವರಿಗೆ ತೋರಿಸಲಿಕ್ಕೆ ಎಂದುಕೊಂಡಿದ್ದಳು.

ಸಭಾಂಗಣದಲ್ಲಿ ಕೂಗು ಎದ್ದಿತು. ಇನ್ನು ಉಳಿದಿದ್ದು ಒಂದೇ ಪೆಟ್ಟಿಗೆ. ಅದರ ಅಷ್ಟೂ ಮತ ಎದುರಾಳಿಗೆ ಬಿದ್ದರೂ ಗೆಲುವು ಅಲುಗುವಂತಿರಲಿಲ್ಲ. ಪಕ್ಷದ ಕಾರ್ಯದರ್ಶಿ ಓಡಿಬಂದ.

"ಅಕ್ಕಾ, ಗೆದ್ದಾಯ್ತು! ಇನ್ನು ಐದು ವರ್ಷ ಸಾಹೇಬ್ರನ್ನ ನಮಗೆ ಬಿಟ್ಬಿಡಿ."

ಆಕೆ ನಕ್ಕಳು. ನಗದೆ ಇನ್ನೇನು ಮಾಡುವುದು? ಮಾಡಿದ ದ್ರೋಹವೂ ದಂಡವಾಯಿತು, ಬಯಸಿದ ಗಂಡನೂ ಕೈತಪ್ಪಿದರು.

ಪ್ರೊಫೆಸರ್ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ. "ನಡಿ, ಹೊರಡೋಣ. ಆ ಪೆಟ್ಟಿಗೆಗೇನು ಕಾಯೋದು?" ಎಂದರು.

"ಎಲ್ಲಾ ಮುಗೀದೆ ಸಹಿ ಹಾಕೋ ಹಾಗಿಲ್ಲ ಸಾರ್," ಎಂದು ಕಾರ್ಯದರ್ಶಿ ತಡೆದ.

ಆಕೆ ಸುಳ್ಳೊಂದನ್ನು ಹೊಂದಿಸಿಕೊಂಡಿದ್ದಳು: ಮುದ್ರೆ ಗೆರೆಯ ಮೇಲೆ ಬಿದ್ದು ನನ್ನ ಓಟು ಕೆಟ್ಟಿರಬೇಕು ರೀ. ಅಷ್ಟರಲ್ಲಿ ಗಂಡ ಕಿವಿಯ ಹತ್ತಿರ ಬಾಗಿದರು.

"ನಮ್ಮ ಪೆಟ್ಟಿಗೇಲಿ ಒಂದೇ ಓಟು ಬಂದ್ರೆ ಮನಸ್ಸಿಗೆ ಹಚ್ಕೋಬೇಡ. ಮನೇಗೆ ಹೋಗಿ ಮಾತಾಡೋಣ."

ಆಕೆ ಗಂಡನ ಮುಖ ನೋಡಿದಳು. ಇವರಿಗೆ ಆಗಲೇ ಗೊತ್ತಾಗಿದೆ. ಗೊತ್ತಿದ್ದೂ ಬೈಯುತ್ತಿಲ್ಲ. ಇಂಥವರಿಗೆ ಎರಡು ಬಗೆದೆನಲ್ಲ ಎಂದು ನಾಚಿಕೆಯಿಂದ ಕುಗ್ಗಿಹೋದಳು. ಇಲ್ಲೇ, ಈಗಲೇ ಹೇಳಿಬಿಡಬೇಕು.

"ರೀ, ನಾನು..."

ಮೈಕು ಕರಕರ ಎಂದಿತು. ಅಧಿಕಾರಿ ಕನ್ನಡಕ ಏರಿಸಿದರು.

"ಅಧ್ಯಾಪಕರ ಕಾಲೊನಿ. ತಿರಸ್ಕೃತ ಮತ ಯಾವುದೂ ಇಲ್ಲ."

ಹೊಂದಿಸಿಟ್ಟಿದ್ದ ಸುಳ್ಳೂ ನೀರುಪಾಲಾಯಿತು. ಮೊದಲನೆಯ ಅಭ್ಯರ್ಥಿಯದು ಓದಿದರು, ಎರಡನೆಯವರದು ಓದಿದರು. ಮೂರನೆಯವರು ಪ್ರೊಫೆಸರ್. ಆಕೆ ತಲೆ ತಗ್ಗಿಸಿ, ಗಂಡ ತಮಗೆ ತಾವೇ ಹಾಕಿಕೊಂಡಿದ್ದ ಆ ಒಂದು ಓಟಿಗಾಗಿ ಕಾದಳು.

"ಮೂರನೆಯ ಅಭ್ಯರ್ಥಿಗೆ," ಎಂದು ಅಧಿಕಾರಿ ತಡೆದು, ಹಾಳೆಯನ್ನು ಇನ್ನೊಮ್ಮೆ ನೋಡಿ ಓದಿದರು, "ಸೊನ್ನೆ."