ಅಪ್ಪನ ಗಾಡಿಯ ಸದ್ದು

ಸಕಲ ಶಿಲ್ಪಗಳಿಗೂ ಯಂತ್ರಗಳಿಗೂ ಒಡೆಯನಾದ ವಿಶ್ವಕರ್ಮನಿಗೆ ತಲೆಬಾಗಿ ಈ ಕಥೆಯನ್ನು ಹೇಳುತ್ತೇನೆ.

ಮರೆವಿನ ರೋಗಕ್ಕೆ ಸಿಕ್ಕಿದ ತಾಯಿಗೆ ಹೆತ್ತ ಮಕ್ಕಳ ಗುರುತೂ ಉಳಿದಿರಲಿಲ್ಲ. ತೀರಿಹೋದ ತಂದೆಯ ಮೋಟಾರ್ ಸೈಕಲ್ಲಿನ ಸದ್ದು ಕಿವಿಗೆ ಬಿದ್ದರೆ ಆಕೆಗೆ ನೆನಪು ಮರಳೀತೆಂದು ನಂಬಿದ ಮಗ, ತುಕ್ಕು ಹಿಡಿದ ಎಂಜಿನ್ನನ್ನು ಅಂಗಳದಲ್ಲಿ ಬಿಚ್ಚಿಕೊಂಡು ಕುಳಿತನು. ಪಿಸ್ಟನ್ನನ್ನು ಗುಜರಿಯಲ್ಲಿ ಹುಡುಕಿ ತಂದನು. ವಾಲ್ವನ್ನು ಕಡೆಗೋಲಿನಂತೆ ಅಂಗೈಗಳ ನಡುವೆ ತಿರುಗಿಸಿ ಮಸೆದನು. ಕೊಳ್ಳಲು ಕಾಸಿಲ್ಲದೆ, ಹಳೆಯ ಲಗ್ನಪತ್ರಿಕೆಯನ್ನೇ ಕತ್ತರಿಸಿ, ಎಂಜಿನ್ನಿನ ಎಣ್ಣೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಮಾಡಿದನು.

ಅವನಿಗಿಂತ ಬಹಳ ಹಿರಿಯಳಾದ ಅಕ್ಕ ಬಾಗಿಲಲ್ಲಿ ನಿಂತು ಮೂಗು ಮುರಿದಳು.

“ಏನ್ರೀ ಇಂಜಿನಿಯರ್ರೇ, ಲಗ್ನಪತ್ರಿಕೆ ಎಣ್ಣೆ ಕುಡಿದ್ರೆ ಗಾಡಿ ಓಡುತ್ತಾ?”

“ಓಡೋದು ಬೇಡಕ್ಕ, ಒಂದ್ಸಲ ಸದ್ದು ಮಾಡಿದ್ರೆ ಸಾಕು. ಅಮ್ಮಂಗೆ ಎಲ್ಲ ನೆನಪಾಗುತ್ತೆ.”

“ಆ ದರಿದ್ರ ಗಾಡೀನ ಗುಜರಿಗೆ ಹಾಕೋ ಅಂದ್ರೆ, ಪೂಜೆ ಮಾಡ್ತಾ ಕೂತಿದ್ದಾನೆ, ದಡ್ಡ!”

“ಅಪ್ಪ ಹೋದಾಗ ನಾನಿನ್ನೂ ಕೂಸು. ನಂಗೆ ಅವರ ಗಾಡಿ ಸದ್ದಾದ್ರೂ ಬೇಡ್ವಾ?”

“ಈಗಲೂ ಕೂಸೇ. ಮೀಸೆ ಬಂದಿದೆ ಅಷ್ಟೆ.”

ಹಲವು ಒದೆತಗಳ ಬಳಿಕ ಎಂಜಿನ್ನು ಗುಡುಗಿತು. ಒಳಗೆ ಮಲಗಿದ್ದ ತಾಯಿ ದಡಬಡಿಸಿ ಎದ್ದು, “ನಾಗವೇಣೀ!” ಎಂದು ಮಗಳ ಹೆಸರು ಹಿಡಿದು ಕೂಗಿದಳು.

“ನೋಡ್ದ್ಯಾ, ನೆನಪಾಯ್ತು!” ಎಂದು ಮಗ ಹಿಗ್ಗಿದನು.

ತಾಯಿ ಬಂದು ಮಗಳ ಕೈಯನ್ನು ಬಿಗಿಯಾಗಿ ಹಿಡಿದು ಪಿಸುಗುಟ್ಟಿದಳು: “ಬಂದ ಕಣೇ. ತಮ್ಮನ್ನ ಎತ್ಕೊಂಡು ಹಿತ್ತಲ ಬಾಗಿಲಿಂದ ಓಡು. ಇವತ್ತು ನನ್ನೊಬ್ಬಳನ್ನೇ ಹೊಡೀಲಿ.”

ಕೇಳಿದ ಸರ್ವರ ಮನೆಗೂ ಅಭಯವನ್ನು ತರುವವರೇ ಬರಲಿ, ಮಂಗಳವಾಗಲಿ.