ಅಣ್ಣನ ಹೆಸರು, ತಮ್ಮನ ಅಂಗಡಿ

"ನನ್ನ ಅಂಗಡಿ ಹೆಸರು ಹೊಡದ್ರ ಅವನ ಅಂಗಡಿ ತೆರೀತೈತಿ. ಇದ್ಯಾವ ನ್ಯಾಯ, ತಂಗಿ?"

ಕಲ್ಲಣ್ಣ ಫೋನನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಸುಶ್ಮಿತಾಳ ಚಹಾ ತುಳುಕಿತು. ಗದಗಿನಲ್ಲಿದ್ದ ಅವಳ ಆಫೀಸಿನ ಮಹಡಿ ಮೆಟ್ಟಿಲು ಹತ್ತಿದ ಏದುಸಿರು ಆ ಹಿರಿಯ ಸೀರೆ ವ್ಯಾಪಾರಿಗೆ ಇನ್ನೂ ಇಳಿದಿರಲಿಲ್ಲ. 'ಅವನು' ಎಂದರೆ ಯಾರು ಎಂದು ಅವಳು ಕೇಳಲಿಲ್ಲ. ಅವರ ಅಂಗಡಿ ಇದ್ದ ಪಕ್ಕದ ಬೆಟಗೇರಿಯಲ್ಲಿ ಯಾರೂ ಕೇಳುವುದಿಲ್ಲ. ಅಪ್ಪ ಬಿಟ್ಟುಹೋದ ಒಂದೇ ಅಂಗಡಿಯ ನಡುವೆ ಗೋಡೆ ಎಬ್ಬಿಸಿಕೊಂಡು ಆ ಬದಿಗೆ ಕಲ್ಲಣ್ಣ, ಈ ಬದಿಗೆ ತಮ್ಮ ಈಶಪ್ಪ ಸೀರೆ ಮಾರುತ್ತಿದ್ದರು. ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಒಬ್ಬರ ಕೆಮ್ಮು ಒಬ್ಬರಿಗೆ ಕೇಳಿಸುತ್ತಿತ್ತು, ಅಷ್ಟೇ.

ಇಬ್ಬರಿಗೂ ವೆಬ್‌ಸೈಟ್ ಮಾಡಿಕೊಟ್ಟವಳು ಸುಶ್ಮಿತಾ. ಶಿರಹಟ್ಟಿಯ ಬೀಜದ ಅಂಗಡಿ, ಮುಂಡರಗಿಯ ಒಂದು ಶಾಲೆ, ಲಕ್ಷ್ಮೇಶ್ವರದ ಒಂದು ದವಾಖಾನೆ, ಇವುಗಳ ಜೊತೆಗೆ ಅಣ್ಣತಮ್ಮಂದಿರ ಸೈಟುಗಳೂ ಅವಳ ಒಂದೇ ಸರ್ವರಿನಲ್ಲಿ ಇದ್ದವು. ಅದನ್ನು ಇಬ್ಬರಿಗೂ ಹೇಳಿರಲಿಲ್ಲ. ಹೇಳಿದ್ದರೆ ಅಲ್ಲೂ ನಡುವೆ ಒಂದು ಗೋಡೆ ಕೇಳುವ ಗಟ್ಟಿಗರು ಅವರು.

"ಇದು ಅವಂದ ಕೆಲಸ," ಅಂದ ಕಲ್ಲಣ್ಣ. "ನಾಕ ಮಾತು ಬೈದ ಬರೂಣಂತ ಅವನ ಬಾಗಲ ತನಕಾ ಹೋಗಿದ್ದೆ. ಮೊದಲ ನಿನ್ನ ಕೇಳಿ ಖಾತ್ರಿ ಮಾಡ್ಕೊಂಡ ಹೋಗೂಣಂತ ಇಲ್ಲಿ ಬಂದೆ."

"ಕುಂಡ್ರಿ ಕಾಕಾ, ನೋಡ್ತೀನಿ."

ಒಂದೊಂದೇ ಸೈಟು ತೆರೆದು ನೋಡಿದಳು. ಬೀಜದ ಅಂಗಡಿ ತೆರೆಯಿತು. ಶಾಲೆ ತೆರೆಯಿತು, ದವಾಖಾನೆಯೂ ತೆರೆಯಿತು. ಸರ್ವರಿಗೆ ಏನೂ ಆಗಿಲ್ಲ; ದಾರಿ ತಪ್ಪಿದ್ದು ಕಲ್ಲಣ್ಣನದೊಂದೇ. ಆಗ ಅವಳಿಗೆ ನಿನ್ನೆ ತಾನು ಸರ್ವರಿನಲ್ಲಿದ್ದ ಹಳೆಯದನ್ನೆಲ್ಲ ತೆಗೆದು ಚೊಕ್ಕ ಮಾಡಿದ್ದು ನೆನಪಾಯಿತು. ಒಳಗೆ ಹೋಗಿ ನೋಡಿದರೆ, ಬೇಡದ ಸಾಲುಗಳ ಜೊತೆ ಕಲ್ಲಣ್ಣನ ಹೆಸರಿದ್ದ ಸಾಲನ್ನೂ ಅಳಿಸಿ ಕೂತಿದ್ದಳು.

"ತಪ್ಪು ನಂದರಿ," ಅಂದಳು. "ಇದು ಒಂದ ವಾಡೇದಾಗ ಹತ್ತ ಮಂದಿ ಬಾಡಿಗಿ ಇದ್ದಂಗ. ಬಂದವರು ಹೆಸರು ಹೇಳಿದ್ರ ಬಾಗಲ ಕಾಯಾಂವ ಆ ಮನಿ ತೋರಸ್ತಾನ. ಹೆಸರ ಗುರ್ತು ಸಿಗಲಿಲ್ಲಂದ್ರ ಮೊದಲನೇ ಮನಿಗೆ ಕಳಸ್ತಾನ. ನಿಮ್ಮ ಹೆಸರು ನಾನ ಅಳಿಸೀನಿ. ಮೊದಲನೇ ಮನಿ ಈಶಪ್ಪ ಕಾಕಾರದು."

"ಹಂಗಾರ ಅವ ಏನೂ ಮಾಡಿಲ್ಲೇನು?"

"ಏನೂ ಮಾಡಿಲ್ರಿ."

ಕಲ್ಲಣ್ಣನ ಸಿಟ್ಟು ಇಳಿಯಿತು. ಸಿಟ್ಟು ಇಳಿದ ಮೇಲೆ ಮುಖ ಹಗುರಾಗಬೇಕಿತ್ತು, ಆಗಲಿಲ್ಲ. ಅಳಿಸಿದ ಸಾಲನ್ನು ಸುಶ್ಮಿತಾ ಆಗಲೇ ಮತ್ತೆ ಬರೆದು, ಅವನ ಫೋನಿನಲ್ಲೇ ತೆರೆದು ತೋರಿಸಿದಳು. ಅವನದೇ ಅಂಗಡಿ, ಅವನದೇ ಸೀರೆಗಳು.

"ಆತು," ಅಂದ. ಎದ್ದು, ಫೋನನ್ನು ಜೇಬಿಗೆ ಹಾಕಿ ಬಾಗಿಲ ಕಡೆ ನಡೆದ. "ಅವನ ಕಡೆ ಹೋಗು ಕೆಲಸ ಏನೂ ಉಳೀಲಿಲ್ಲ ಹಂಗಾರ."

ಒಂದು ಜಗಳ ತಪ್ಪಿಸಿದೆನಲ್ಲ ಎಂದು ಸುಶ್ಮಿತಾ ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಹೊಸ ಚಹಾ ತರಿಸಿ ಕುಡಿಯುವಷ್ಟರಲ್ಲಿ ಬಾಗಿಲಲ್ಲಿ ಈಶಪ್ಪ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಟ್ಟೆ ಕಟ್ಟಿದ ಸ್ಟೀಲ್ ಡಬ್ಬಿ.

"ತಂಗಿ, ಒಂದ ಮಾತು ಕೇಳ್ತೀನಿ, ಖರೆ ಹೇಳು. ನಿನ್ನಿಯಿಂದ ನಮ್ಮಣ್ಣನ ಗಿರಾಕಿ ನನಗ ಫೋನ್ ಮಾಡಾಕತ್ತಾರ. ಯಾಕಂತ ಅವನ ಹೆಸರು ಹೊಡದ ನೋಡಿದ್ರ, ನನ್ನ ಅಂಗಡಿ ತೆರೀತು." ಅವನು ನಾಚಿದವರ ಹಾಗೆ ನಕ್ಕ. "ಅಣ್ಣನ ಸ್ವಭಾವ ನನಗ ಗೊತ್ತೈತಿ. ಬಾಯಿ ಬಿಟ್ಟು ಬಾ ಅನ್ನಾಂವಲ್ಲ. ಅದಕ್ಕ ಹಿಂಗ ಕರದಾನಂತ ತಿಳಕೊಂಡೆ. ನಿನ್ನ ಕಡೆ ಅವನ ಮಾಡಿಸ್ಯಾನಲ್ಲ?"

ಸುಶ್ಮಿತಾ ಡಬ್ಬಿಯ ಕಡೆ ನೋಡಿದಳು.

"ಗೋದಿ-ಬೆಲ್ಲದ ಮಾದಲಿ ಐತಿ," ಎಂದು ಡಬ್ಬಿಯನ್ನು ಮೇಜಿನ ಮೇಲೆ ಇಟ್ಟ. "ಅವ್ವ ಮಾಡತಿದ್ಲಲ್ಲ, ಹಂಗ ಮಾಡಿಸೀನಿ. ಅಣ್ಣಗ ಭಾಳ ಸೇರತೈತಿ. ಬರಿಗೈಲೆ ಹೆಂಗ ಹೋಗೂದು?"

ಹೌದು ಅಂದುಬಿಡೋಣ ಅನ್ನಿಸಿತು ಅವಳಿಗೆ. ಒಂದು ಸುಳ್ಳಿನಿಂದ ಯಾರ ಗಂಟು ಹೋಗುತ್ತಿತ್ತು? ಆದರೆ ಈಶಪ್ಪ ಅವಳಿಗೆ ತೋರಿಸಲೆಂದು ಅಣ್ಣನ ಹೆಸರನ್ನು ಆಗಲೇ ಫೋನಿನಲ್ಲಿ ಹೊಡೆದಿದ್ದ. ಕಲ್ಲಣ್ಣನ ಅಂಗಡಿ ತೆರೆಯಿತು. ಮುಚ್ಚಿ, ಮತ್ತೆ ಹೊಡೆದ. ಮತ್ತೆ ಕಲ್ಲಣ್ಣನದೇ.

"ಮುಂಜಾನಿ ತನಕಾ ಇತ್ತಲ್ಲ," ಅಂದ ಮೆಲ್ಲಗೆ. "ತಿರುಗಿ ತಗೊಂಡನೇನು?"

"ಇಲ್ರಿ ಕಾಕಾ. ಅವರು ಕೊಟ್ಟೂ ಇಲ್ಲ, ತಗೊಂಡೂ ಇಲ್ಲ. ನನ್ನಿಂದ ಒಂದ ತಪ್ಪಾಗಿತ್ತು. ಈಗಷ್ಟ ಸರಿ ಮಾಡಿದೆ." ಅವಳಿಗೆ ತನ್ನ ಚುರುಕುತನದ ಮೇಲೆಯೇ ಹೇಸಿಗೆ ಬಂತು. ಒಂದು ತಾಸು ತಡ ಮಾಡಿದ್ದರೆ ಸಾಕಿತ್ತು. ಬೈಯಲು ಹೋದ ಅಣ್ಣನ ಎದುರಿಗೆ ಮಾದಲಿ ಹಿಡಿದ ತಮ್ಮ ನಿಂತಿರುತ್ತಿದ್ದ. "ಆದ್ರೂ ಹೋಗಿ ಬರ್ರಿ. ಮಾದಲಿ ಹೆಂಗೂ ಮಾಡಿಸೀರಿ."

"ಕರೀದ ಹೆಂಗ ಹೋಗ್ಲಿ, ತಂಗಿ? ಈಗೇನು ಕರದಂಗ ಆಗಲಿಲ್ಲಲ್ಲ."

ಡಬ್ಬಿಯ ಗಂಟು ಸಡಿಲಾಗಿತ್ತು. ಬಿಗಿಯಾಗಿ ಕಟ್ಟಿ, ಎತ್ತಿಕೊಂಡು ಹೊರಟ. ಬಾಗಿಲಿನ ಹತ್ತಿರ ಹೋದವನು ನಿಂತು, ಅವಳ ಕಂಪ್ಯೂಟರಿನ ಕಡೆ ಒಮ್ಮೆ ನೋಡಿದ.

"ಆ ತಪ್ಪು ಇನ್ನೊಮ್ಮೆ ಮಾಡಾಕ ಬರೂದಿಲ್ಲೇನು?"